ಮಕ್ಕಳ ಜೊತೆ ಮೈಸೂರು ದಸರಾ: ಎರಡು ದಿನಕ್ಕೆ ಹೀಗೆ ಹೊರಡಿ

ದಸರಾ ರಜೆ ಹತ್ತಿರ ಬಂತೆಂದರೆ ಮೈಸೂರಿನ ನಮ್ಮ ಮನೆಗೆ ನೆಂಟರ ಫೋನು ಶುರುವಾಗುತ್ತದೆ. ‘ಜಂಬೂ ಸವಾರಿಗೆ ಮಕ್ಕಳನ್ನ ಕರ್ಕೊಂಡು ಬರ್ತೀವಿ, ಎಲ್ಲಿ ನಿಂತ್ರೆ ಚೆನ್ನಾಗಿ ಕಾಣುತ್ತೆ?’ ಎಂದು ಕೇಳುತ್ತಾರೆ. ನನ್ನ ಉತ್ತರ ಈಗ ಒಂದೇ. ಮಕ್ಕಳು ಚಿಕ್ಕವರಾದರೆ ಜಂಬೂ ಸವಾರಿ ದಿನ ಬರಬೇಡಿ, ಅದಕ್ಕಿಂತ ಮೊದಲು ಬರುವ ಶನಿವಾರ, ಭಾನುವಾರ ಬನ್ನಿ.

ಕೆಲವು ವರ್ಷಗಳ ಹಿಂದೆ ಅಣ್ಣನ ಮಗಳನ್ನು ವಿಜಯದಶಮಿಯ ದಿನವೇ ಸಯ್ಯಾಜಿರಾವ್ ರಸ್ತೆಗೆ ಕರೆದುಕೊಂಡು ಹೋಗಿದ್ದೆ. ಆಗ ಅವಳಿಗೆ ಐದು ವರ್ಷ. ಬೆಳಿಗ್ಗೆ ಹತ್ತಕ್ಕೇ ಜಾಗ ಹಿಡಿದು ಕೂತಿದ್ದೆವು. ಮಧ್ಯಾಹ್ನದ ಹೊತ್ತಿಗೆ ನೀರು ಖಾಲಿ, ಅತ್ತಿತ್ತ ಅಲ್ಲಾಡಲೂ ಜಾಗವಿಲ್ಲ, ಮಗುವಿಗೆ ಕಾಣುತ್ತಿದ್ದುದು ಬರೀ ಜನರ ಬೆನ್ನು. ಸಂಜೆ ಅಂಬಾರಿ ಬಂದಾಗ ಅವಳು ನನ್ನ ಹೆಗಲ ಮೇಲೆ ನಿದ್ದೆ ಹೋಗಿದ್ದಳು. ಮರುವರ್ಷದಿಂದ ಯೋಜನೆಯನ್ನೇ ಬದಲಿಸಿದೆವು.

ಮೊದಲು ದಿನ ಗೊತ್ತುಮಾಡಿಕೊಳ್ಳಿ

ಪ್ರತಿವರ್ಷ ಪಂಚಾಂಗ ನೋಡಿ ನವರಾತ್ರಿ ಯಾವಾಗ ಶುರು ಎಂದು ತಿಳಿದುಕೊಳ್ಳಿ. ಅದರೊಳಗೆ ಬರುವ ಮೊದಲ ಶನಿವಾರ, ಭಾನುವಾರವೇ ನಿಮ್ಮದು. ದೀಪಾಲಂಕಾರ, ವಸ್ತುಪ್ರದರ್ಶನ, ಆಹಾರ ಮೇಳ ಎಲ್ಲವೂ ಇರುತ್ತವೆ, ಕೊನೆಯ ಎರಡು ದಿನದ ನೂಕುನುಗ್ಗಲು ಇರುವುದಿಲ್ಲ. ರೈಲಿನ ಟಿಕೆಟ್ 60 ದಿನ ಮೊದಲೇ ತೆರೆಯುತ್ತದೆ, ಅವತ್ತೇ ಬುಕ್ ಮಾಡಿಬಿಡಿ. ಉಳಿದುಕೊಳ್ಳುವ ರೂಮು ಅರಮನೆಗೆ ನಡೆದುಹೋಗುವಷ್ಟು ಹತ್ತಿರವಿದ್ದರೆ ಸ್ವಲ್ಪ ದುಡ್ಡು ಜಾಸ್ತಿಯಾದರೂ ಪರವಾಗಿಲ್ಲ. ಸಂಜೆ ಆ ಭಾಗದ ರಸ್ತೆಗಳಲ್ಲಿ ಗಾಡಿ ಓಡಿಸುವುದು ಕಷ್ಟ. ಸಾಧ್ಯವಾದರೆ ಶುಕ್ರವಾರ ರಾತ್ರಿಯೇ ಮೈಸೂರು ಸೇರಿಕೊಳ್ಳಿ.

ಶನಿವಾರ ಬೆಳಿಗ್ಗೆ: ಆನೆಗಳ ತಾಲೀಮು

ಮಕ್ಕಳಿಗೆ ಇಡೀ ದಸರೆಯಲ್ಲಿ ನಿಜವಾಗಿ ಸಿಗಬೇಕಾದದ್ದು ಇದು. ಕಾಡಿನ ಶಿಬಿರಗಳಿಂದ ಬಂದ ಆನೆಗಳು ಜಂಬೂ ಸವಾರಿಗೆ ಮೊದಲು ವಾರಗಟ್ಟಲೆ ಅದೇ ದಾರಿಯಲ್ಲಿ ನಡೆದು ಅಭ್ಯಾಸ ಮಾಡುತ್ತವೆ. ಅರಮನೆಯಿಂದ ಹೊರಟು, ಕೆ.ಆರ್. ಸರ್ಕಲ್ ದಾಟಿ, ಸಯ್ಯಾಜಿರಾವ್ ರಸ್ತೆ, ಆಯುರ್ವೇದ ಸರ್ಕಲ್, ಬಂಬೂ ಬಜಾರ್ ಮೂಲಕ ಬನ್ನಿಮಂಟಪ. ಸುಮಾರು ಐದು ಕಿಲೋಮೀಟರ್ ನಡಿಗೆ. ತಾಲೀಮಿನ ಸಮಯ ದಿನದಿಂದ ದಿನಕ್ಕೆ ಬದಲಾಗುವುದುಂಟು, ಹಿಂದಿನ ದಿನದ ಪತ್ರಿಕೆ ನೋಡಿಕೊಳ್ಳಿ. ಬೆಳಿಗ್ಗೆ ಆರೂವರೆಗೆಲ್ಲ ಕೆ.ಆರ್. ಸರ್ಕಲ್ ಹತ್ತಿರ ಫುಟ್‌ಪಾತ್ ಮೇಲೆ ನಿಂತಿದ್ದರೆ ಸಾಕು.

ಅಷ್ಟು ದೊಡ್ಡ ಪ್ರಾಣಿ ಹತ್ತಿರದಲ್ಲೇ ಹಾದುಹೋದರೂ ಹೆಜ್ಜೆ ಸಪ್ಪಳ ಕೇಳುವುದಿಲ್ಲ. ಗಂಟೆಯ ಸದ್ದು, ಮಾವುತನ ಒಂದೆರಡು ಮಾತು, ಅಷ್ಟೇ. ಮಗುವಿಗೆ ಬೆನ್ನಿನ ಕಡೆ ತೋರಿಸಿ. ನಮ್ದಾ ಎಂಬ ದಪ್ಪ ಹಾಸು, ಗಾದಿ ಬಿಗಿದು, ಅದರ ಮೇಲೆ ತೊಟ್ಟಿಲು ಕಟ್ಟಿ, ಮರಳು ಮೂಟೆ ಹೇರಿರುತ್ತಾರೆ. ಚಿನ್ನದ ಅಂಬಾರಿಯ ತೂಕ 750 ಕಿಲೋ. ಒಂದೇ ದಿನ ಅಷ್ಟು ಭಾರ ಹೊರಿಸಲು ಆಗುವುದಿಲ್ಲವಲ್ಲ, ಅದಕ್ಕೆ ಮೂಟೆಗಳನ್ನು ಸ್ವಲ್ಪ ಸ್ವಲ್ಪವೇ ಹೆಚ್ಚಿಸುತ್ತಾ ಹೋಗುತ್ತಾರೆ, ಆಮೇಲೆ ಮರದ ಅಂಬಾರಿ ಕಟ್ಟಿ ನಡೆಸುತ್ತಾರೆ. ಅಂಬಾರಿ ಆನೆಯ ಎಡಬಲಕ್ಕೆ ನಡೆಯುವ ಹೆಣ್ಣಾನೆಗಳಿಗೆ ಕುಮ್ಕಿ ಎನ್ನುತ್ತಾರೆ. ಮುಂದೆ ಹೋಗುವುದು ನಿಶಾನೆ ಆನೆ. ಈ ಹೆಸರುಗಳನ್ನು ಮಕ್ಕಳು ಒಂದು ಸಲ ಕೇಳಿದರೆ ಮರೆಯುವುದಿಲ್ಲ.

ಆನೆಗಳಿಗೆ ಕುಸುರೆ ಕೊಡುವುದನ್ನು ನಾನೊಮ್ಮೆ ನೋಡಿದ್ದೇನೆ. ಹುಲ್ಲನ್ನು ಗೂಡಿನಂತೆ ಸುತ್ತಿ, ಒಳಗೆ ಭತ್ತ, ಬೆಲ್ಲ, ತೆಂಗಿನಕಾಯಿ ಇಟ್ಟು ಕಟ್ಟುತ್ತಾರೆ. ಆನೆ ಅದನ್ನು ಸೊಂಡಿಲಿಂದ ತೆಗೆದುಕೊಂಡು ಇಡಿಯಾಗಿ ಬಾಯಿಗೆ ಹಾಕಿಕೊಳ್ಳುತ್ತದೆ. ನೀವು ಮಾತ್ರ ಏನನ್ನೂ ತಿನ್ನಿಸಲು ಹೋಗಬೇಡಿ. ಫೋಟೊಗೆ ಫ್ಲ್ಯಾಶ್ ಬೇಡ, ಸೆಲ್ಫಿಗೆಂದು ಹತ್ತಿರ ಹೋಗುವುದು ಬೇಡವೇ ಬೇಡ.

ತಿಂಡಿ ಮುಗಿಸಿ ಅರಮನೆಗೆ

ಅರಮನೆ ಹತ್ತು ಗಂಟೆಗೆ ತೆರೆಯುತ್ತದೆ. ಆಗಲೇ ಒಳಗೆ ಹೋಗಿ, ಯಾಕೆಂದರೆ ಚಪ್ಪಲಿ ಹೊರಗೆ ಬಿಡಬೇಕು, ಮಧ್ಯಾಹ್ನ ಕಲ್ಲು ಸುಡುತ್ತದೆ. ಹಳೆಯ ಮರದ ಅರಮನೆ 1897ರಲ್ಲಿ ಬೆಂಕಿಗೆ ಸಿಕ್ಕಿತು, ಈಗಿನದು 1912ರಲ್ಲಿ ಮುಗಿಯಿತು. ಇಷ್ಟು ಹೇಳಿದರೆ ಚಿಕ್ಕವರಿಗೆ ಸಾಕು. ಎಲ್ಲವನ್ನೂ ತೋರಿಸುವ ಹಟ ಬೇಡ. ಕಲ್ಯಾಣ ಮಂಟಪದ ಗೋಡೆಗಳ ಮೇಲೆ ದಸರಾ ಮೆರವಣಿಗೆಯ ಚಿತ್ರಗಳಿವೆ, ನೇರ ಅಲ್ಲಿಗೆ ಕರೆದುಕೊಂಡು ಹೋಗಿ. ಬೆಳಿಗ್ಗೆ ಕಂಡ ಆನೆಗಳನ್ನು ಮಕ್ಕಳು ಗೋಡೆಯ ಮೇಲೆ ಹುಡುಕಲು ಶುರುಮಾಡುತ್ತಾರೆ. ಒಂದು ಎಚ್ಚರಿಕೆ: ನವರಾತ್ರಿಯಲ್ಲಿ ರಾಜವಂಶಸ್ಥರ ಖಾಸಗಿ ದರ್ಬಾರು, ಪೂಜೆಗಳಿಗಾಗಿ ಕೆಲವು ಹೊತ್ತು ಪ್ರವೇಶ ಇರುವುದಿಲ್ಲ. ಮೊದಲೇ ವಿಚಾರಿಸಿಕೊಳ್ಳಿ.

ಮಧ್ಯಾಹ್ನ ಊಟ ಮಾಡಿ ರೂಮಿಗೆ ಹೋಗಿ ಮಲಗಿ, ದೊಡ್ಡವರೂ ಸೇರಿ. ಇದನ್ನು ಬಿಟ್ಟರೆ ಸಂಜೆ ಪೂರ್ತಿ ರಗಳೆ.

ಸಂಜೆ ಏಳರೊಳಗೆ ಅರಮನೆ ಮುಂದೆ

ಕತ್ತಲಾಗುವ ಮೊದಲೇ ಅರಮನೆ ಆವರಣ ಸೇರಿ, ಹಿಂದೆ ಎಲ್ಲಾದರೂ ಕೂತುಕೊಳ್ಳಿ. ಸುಮಾರು 97,000 ಬಲ್ಬುಗಳು ಒಂದೇ ಕ್ಷಣಕ್ಕೆ ಹೊತ್ತಿಕೊಳ್ಳುತ್ತವೆ. ಆಗ ಜನ ಒಟ್ಟಿಗೆ ‘ಓ’ ಅನ್ನುತ್ತಾರೆ. ಇಷ್ಟು ವರ್ಷ ನೋಡಿದ ನಾನೂ ಅನ್ನುತ್ತೇನೆ. ಅರಮನೆಯತ್ತ ನೋಡಿದ ಮೇಲೆ ತಿರುಗಿ ಮಕ್ಕಳ ಮುಖ ನೋಡಿ, ಆ ಹಳದಿ ಬೆಳಕೆಲ್ಲ ಅಲ್ಲೇ ಇರುತ್ತದೆ. ದಸರೆಯ ದಿನಗಳಲ್ಲಿ ಮುಂದಿನ ವೇದಿಕೆಯಲ್ಲಿ ಸಂಗೀತ, ನೃತ್ಯ ಇರುತ್ತದೆ, ಅದಕ್ಕೆ ಟಿಕೆಟ್ ಇಲ್ಲ.

ಹೊರಡುವ ಮೊದಲು ನಿಮ್ಮ ಫೋನ್ ನಂಬರನ್ನು ಚೀಟಿಯಲ್ಲಿ ಬರೆದು ಮಗುವಿನ ಜೇಬಿಗೆ ಹಾಕಿ. ತಪ್ಪಿಸಿಕೊಂಡರೆ ಎಲ್ಲಿ ನಿಲ್ಲಬೇಕು ಎಂದು ಒಂದು ಜಾಗ ತೋರಿಸಿರಿ. ಇದಾದ ಮೇಲೆ ಶಕ್ತಿ ಉಳಿದಿದ್ದರೆ ಎದುರಿಗೇ ದೊಡ್ಡಕೆರೆ ಮೈದಾನದಲ್ಲಿ ವಸ್ತುಪ್ರದರ್ಶನ ಇದೆ. ಜಯಂಟ್ ವೀಲು, ಹಪ್ಪಳ, ಮೆಣಸಿನಕಾಯಿ ಬಜ್ಜಿ. ಇದು ದಸರಾ ಮುಗಿದ ಮೇಲೂ ಎಷ್ಟೋ ದಿನ ನಡೆಯುತ್ತದೆ, ಇವತ್ತೇ ನೋಡಬೇಕು ಅಂತೇನಿಲ್ಲ.

ಭಾನುವಾರ: ಒಂದೇ ಒಂದು ದೊಡ್ಡ ಜಾಗ

ಮೃಗಾಲಯ, ಚಾಮುಂಡಿ ಬೆಟ್ಟ, ರೈಲ್ವೆ ಮ್ಯೂಸಿಯಂ ಮೂರನ್ನೂ ಒಂದೇ ದಿನ ತುರುಕಬೇಡಿ. ಐದು ವರ್ಷದೊಳಗಿನ ಮಕ್ಕಳಿಗೆ ರೈಲ್ವೆ ಮ್ಯೂಸಿಯಂ ಸಾಕು. ಹಳೆಯ ಉಗಿಬಂಡಿಗಳು, ಪುಟಾಣಿ ರೈಲು, ಮಹಾರಾಣಿಯವರ ಸಲೂನ್ ಬೋಗಿ ನೋಡಿಕೊಂಡು ಒಂದೆರಡು ಗಂಟೆ ಸಲೀಸಾಗಿ ಕಳೆಯಬಹುದು. ಸ್ವಲ್ಪ ದೊಡ್ಡವರಿಗೆ 1892ರಿಂದ ಇರುವ ಮೃಗಾಲಯ. ಬೆಳಿಗ್ಗೆ ಎಂಟೂವರೆಗೇ ಬಾಗಿಲಲ್ಲಿರಿ, ಬಿಸಿಲೇರಿದರೆ ಪ್ರಾಣಿಗಳೂ ಮಲಗಿಬಿಡುತ್ತವೆ. ನಡೆಯುವುದು ಜಾಸ್ತಿ ಇದೆ. ರಜೆ ಹಾಕಿ ಮಂಗಳವಾರದವರೆಗೆ ಉಳಿಯುವವರು ನೆನಪಿಡಿ, ಮಾಮೂಲಿಯಾಗಿ ಅವತ್ತು ಮೃಗಾಲಯಕ್ಕೆ ವಾರದ ರಜೆ.

ಊಟಕ್ಕೆ ಆಹಾರ ಮೇಳಕ್ಕೆ ಹೋಗಬಹುದು. ಮಾಂಸ ತಿನ್ನುವವರಾದರೆ ಆದಿವಾಸಿಗಳ ಮಳಿಗೆಯಲ್ಲಿ ಬಂಬೂ ಬಿರಿಯಾನಿ ಕೇಳಿ. ಬಿದಿರಿನ ಬೊಂಬಿನಲ್ಲಿ ಅಕ್ಕಿ, ಮಾಂಸ ತುಂಬಿ ಕೆಂಡದ ಮೇಲೆ ಬೇಯಿಸುವುದನ್ನು ಮಕ್ಕಳು ಕಣ್ಣಾರೆ ನೋಡಬಹುದು. ಊರಿಗೆ ಹೊರಡುವ ಮುಂಚೆ ದೇವರಾಜ ಮಾರುಕಟ್ಟೆಯಲ್ಲಿ ಒಂದು ಅರ್ಧ ಗಂಟೆ. ಗುಡ್ಡೆ ಹಾಕಿದ ಕುಂಕುಮದ ಬಣ್ಣಗಳು, ಮಾರಿನ ಲೆಕ್ಕದಲ್ಲಿ ಮೊಣಕೈಯಿಂದ ಅಳೆದು ಕೊಡುವ ಮಲ್ಲಿಗೆ. ಮನೆಗೆ ಮೈಸೂರು ಪಾಕ್ ಕಟ್ಟಿಸಿಕೊಂಡು, ಕತ್ತಲಾಗುವ ಮೊದಲೇ ಊರು ಬಿಡಿ.

ವಿಜಯದಶಮಿ ದಿನ ಮನೆಯಲ್ಲೇ

ಜಂಬೂ ಸವಾರಿಯನ್ನು ಚಂದನ ವಾಹಿನಿ ನೇರಪ್ರಸಾರ ಮಾಡುತ್ತದೆ. ಮಧ್ಯಾಹ್ನದ ಮೇಲೆ ಟಿವಿ ಹಾಕಿ, ಎಲ್ಲರೂ ಜೊತೆಗೆ ಕೂತುಕೊಳ್ಳಿ. ಅಣ್ಣನ ಮಗಳು ಈಗ ಹಾಗೆಯೇ ನೋಡುತ್ತಾಳೆ. ಬಣ್ಣ ಬಳಿದು, ಝೂಲ ಹೊದಿಸಿದ ಮೇಲೂ ಅವಳಿಗೆ ಆನೆಗಳ ಗುರುತು ಸಿಗುತ್ತದೆ. ಹೋದ ಸಲ ಅಂಬಾರಿ ಹೊತ್ತ ಅಭಿಮನ್ಯು ಪರದೆಯ ಮೇಲೆ ಬಂದಾಗ ನನಗೆ ಫೋನು ಮಾಡಿ ಕೇಳಿದಳು: ‘ಚಿಕ್ಕಪ್ಪಾ, ಮರಳು ಮೂಟೆ ಎಲ್ಲಾ ಇಳಿಸಿದ್ರಾ?’