ಸ್ಪೋರ್ಟ್ಸ್ ಬ್ರಾ ತೋರಿಸೋ ಹಾರ್ಟ್ ರೇಟ್ ನಂಬಬಹುದಾ? ಮನೇಲೇ ಚೆಕ್ ಮಾಡೋದು ಹೀಗೆ

ಜನವರಿ ತಿಂಗಳು, ಬೆಳಿಗ್ಗೆ ಆರು ಗಂಟೆ, ಕಬ್ಬನ್ ಪಾರ್ಕಲ್ಲಿ ಓಡೋಕೆ ಶುರು ಮಾಡಿ ಎರಡು ನಿಮಿಷಾನೂ ಆಗಿರಲಿಲ್ಲ, ವಾಚಲ್ಲಿ ಹಾರ್ಟ್ ರೇಟ್ 191 ಅಂತ ಬಂತು. ಮೈ ಇನ್ನೂ ಬಿಸಿ ಆಗಿಲ್ಲ, ಗೆಳತಿ ಜೊತೆ ಆರಾಮಾಗಿ ಮಾತಾಡ್ಕೊಂಡು ಹೋಗ್ತಾ ಇದ್ದೀನಿ. ಗಾಬರಿಯಾಗಿ ನಿಂತು ಕುತ್ತಿಗೆ ಹತ್ರ ಬೆರಳಿಟ್ಟು ಎಣಿಸಿದೆ, 15 ಸೆಕೆಂಡಿಗೆ 29 ಬಡಿತ, ಅಂದ್ರೆ ನಿಮಿಷಕ್ಕೆ 116. ತಪ್ಪಿದ್ದು ನಾನು ಹಾಕ್ಕೊಂಡಿದ್ದ, ಬಡಿತ ಎಣಿಸಿ ವಾಚಿಗೆ ಕಳಿಸೋ ಸೆನ್ಸರ್ ಬ್ರಾ. ಕಂಪನಿಗೆ ಬರೆದ್ರೆ ಆ್ಯಪ್ ಅಪ್‌ಡೇಟ್ ಮಾಡಿ ಅಂದ್ರು, ಮಾಡಿದೆ, ಏನೂ ಬದಲಾಗಲಿಲ್ಲ. ಆಮೇಲೆ ನಾನೇ ಒಂದೊಂದಾಗಿ ಪರೀಕ್ಷೆ ಮಾಡ್ತಾ ಹೋದಾಗ ಗೊತ್ತಾಯ್ತು, ಬಟ್ಟೆ ಒಣಗಿತ್ತು, ಪಟ್ಟಿ ನನ್ನ ಅಳತೆಗಿಂತ ದೊಡ್ಡದಿತ್ತು, ಅಷ್ಟೇ. ಈ ಥರ ಬ್ರಾ ಇಟ್ಕೊಂಡಿರೋರು, ತಗೋಬೇಕು ಅಂತಿರೋರು ಇಬ್ರಿಗೂ ಉಪಯೋಗ ಆಗ್ಲಿ ಅಂತ ಆ ಪರೀಕ್ಷೆಗಳನ್ನೇ ಇಲ್ಲಿ ಬರೀತಿದೀನಿ.

ಮೊದಲು ಇದು ಹೇಗೆ ಅಳೆಯುತ್ತೆ ಅನ್ನೋದು ತಿಳ್ಕೊಳ್ಳಿ. ಕೈಗೆ ಕಟ್ಟೋ ವಾಚು ಹಸಿರು ಬೆಳಕು ಬಿಟ್ಟು ಚರ್ಮದ ಕೆಳಗೆ ರಕ್ತ ಹರಿಯೋದನ್ನ ನೋಡುತ್ತೆ. ಬ್ರಾ ಹಾಗಲ್ಲ, ಆಸ್ಪತ್ರೇಲಿ ಇಸಿಜಿ ಮಾಡ್ತಾರಲ್ಲ, ಅದೇ ತತ್ವ. ಎದೆ ಕೆಳಗಿನ ಪಟ್ಟಿಯ ಒಳಮಗ್ಗಲು ನೋಡಿದ್ರೆ ಎಡಕ್ಕೊಂದು ಬಲಕ್ಕೊಂದು ಬೂದು ಬಣ್ಣದ ತುಂಡು ಕಾಣುತ್ತೆ, ಬೆರಳಾಡಿಸಿದ್ರೆ ಸುತ್ತಲಿನ ಬಟ್ಟೆಗಿಂತ ಬೇರೆ ಥರ ಅನ್ಸುತ್ತೆ. ಕೆಲವದ್ರಲ್ಲಿ ಬೆಳ್ಳಿ ಲೇಪನದ ನೂಲಿರುತ್ತೆ, ಕೆಲವದ್ರಲ್ಲಿ ವಿದ್ಯುತ್ ಹರಿಯೋ ಥರದ ನುಣುಪಾದ ರಬ್ಬರ್ ಪಟ್ಟಿ. ಹೃದಯ ಒಂದೊಂದು ಸಲ ಬಡಿದಾಗ್ಲೂ ಚರ್ಮದ ಮೇಲೆ ಸಣ್ಣ ವಿದ್ಯುತ್ ಅಲೆ ಹಾದು ಹೋಗುತ್ತೆ, ಸುಮಾರು ಒಂದು ಮಿಲಿವೋಲ್ಟ್, ಅದನ್ನ ಈ ತುಂಡುಗಳು ಹಿಡಿದು ಮಧ್ಯದಲ್ಲಿರೋ ಪಾಡ್‌ಗೆ, ಅಂದ್ರೆ ಬಡಿತ ಎಣಿಸಿ ಫೋನಿಗೋ ವಾಚಿಗೋ ಕಳಿಸೋ ಪುಟ್ಟ ಡಬ್ಬಿಗೆ, ಕಳಿಸ್ತವೆ. ಇಷ್ಟು ಸಣ್ಣ ಸಿಗ್ನಲ್ ಆಗಿರೋದ್ರಿಂದ ಬಟ್ಟೆ ಚರ್ಮದಿಂದ ಒಂದು ಕ್ಷಣ ಎದ್ದರೂ ಎಣಿಕೆ ಹಾಳು. ಸರಿಯಾಗಿ ಕೂತಿದ್ರೆ ಮಾತ್ರ ಕೈ ವಾಚಿಗಿಂತ ಇದೇ ನಿಖರ, ಅದರಲ್ಲೂ ವೇಗ ಏರಿಸಿ ಇಳಿಸಿ ಓಡೋವಾಗ.

ಇದೇ ಥರ ಬಡಿತ ಅಳೆಯೋ, ಎದೆಗೆ ಬೇರೆಯಾಗಿ ಕಟ್ಟೋ ಪಟ್ಟಿ ಹಳೇ ಸಾಮಾನು. ಫಿನ್‌ಲೆಂಡ್‌ನ ಪೋಲಾರ್ ಕಂಪನಿ 1982ರಲ್ಲೇ ವೈರ್ ಇಲ್ಲದ ಹಾರ್ಟ್ ರೇಟ್ ಮಾನಿಟರ್ ಮಾರ್ಕೆಟ್ಟಿಗೆ ತಂದಿತ್ತು. ಆದ್ರೆ ಅದು ಕೂರೋ ಜಾಗ ನಮ್ಮ ಬ್ರಾ ಪಟ್ಟಿ ಇರೋ ಜಾಗಾನೇ, ಎಲಾಸ್ಟಿಕ್ ಮೇಲೆ ಎಲಾಸ್ಟಿಕ್, ಒಂದು ಗಂಟೆ ಓಡಿದ್ರೆ ಚರ್ಮ ಸುಲಿದು ಸ್ನಾನಕ್ಕೆ ಹೋದಾಗ ಚುರುಚುರು. ಅದಕ್ಕೇ ಸೆನ್ಸರನ್ನ ಬ್ರಾ ಒಳಗೇ ನೇಯೋದು ಶುರುವಾಯ್ತು, 2024ರಲ್ಲಿ ಗಾರ್ಮಿನ್ ಅನ್ನೋ ವಾಚ್ ಕಂಪನಿ ನಮ್ಮದೇ ಬ್ರಾ ಪಟ್ಟಿಗೆ ಸಿಕ್ಕಿಸೋ ಕ್ಲಿಪ್ ಥರದ್ದನ್ನೂ ತಂತು.

ಈಗ ಕೆಲಸಕ್ಕೆ ಬರೋಣ. ಮೊದಲನೇದು ಅಳತೆ, ಅರ್ಧ ಸಮಸ್ಯೆ ಇಲ್ಲೇ ಇದೆ. ಟೇಪ್ ತಗೊಂಡು ಸ್ತನದ ಕೆಳಗೆ, ಉಸಿರು ಬಿಟ್ಟು, ನೆಲಕ್ಕೆ ಸಮಾನವಾಗಿ ಸುತ್ತಿ ಅಳೀರಿ. ಕಪ್ ಬಿಗಿಯಾಯ್ತು ಅಂತ ಪಟ್ಟಿ ಸೈಜ್ ದೊಡ್ಡದು ಮಾಡ್ಕೊಳ್ಳೋದು ನಮ್ಮಲ್ಲಿ ಬಹಳ ಜನರ ಅಭ್ಯಾಸ, ನನ್ನದೂ ಅದೇ ಆಗಿತ್ತು, ಸೆನ್ಸರ್ ಬ್ರಾಗೆ ಅದು ಆಗಿಬರಲ್ಲ. ಹಾಕ್ಕೊಂಡ ಮೇಲೆ ಪಟ್ಟಿ ಕೆಳಗೆ ಎರಡು ಬೆರಳು ತೂರಬೇಕು, ಮೂರನೇದು ಕಷ್ಟ ಆಗ್ಬೇಕು. ಎರಡೂ ಕೈ ಮೇಲೆತ್ತಿ, ಬಗ್ಗಿ, ಎದ್ದು, ಹತ್ತು ಸಲ ಜಿಗೀರಿ. ಬೆನ್ನಲ್ಲಿ ಪಟ್ಟಿ ಮೇಲಕ್ಕೆ ಹೋಗ್ತಿದ್ರೆ ಮುಂದೆ ಸೆನ್ಸರ್ ಓರೆಯಾಗಿ ಎದ್ದಿರುತ್ತೆ. ಮುಟ್ಟಿಗೆ ಮುಂಚಿನ ದಿನಗಳಲ್ಲಿ ಎದೆ ಊದಿಕೊಳ್ಳುತ್ತಲ್ಲ, ಆಗ ಅದೇ ಬ್ರಾ ಬೇರೆ ಥರ ಕೂರುತ್ತೆ, ಹಿಂದಿನ ಕೊಕ್ಕೆ ಒಂದು ಮನೆ ಆಚೀಚೆ ಮಾಡ್ಕೊಳ್ಳಿ. ಕೊಕ್ಕೆ ಇಲ್ಲದ, ತಲೆ ಮೇಲಿಂದ ಎಳೆದು ಹಾಕೋ ಮಾಡೆಲ್ ತಗೊಂಡ್ರೆ ಈ ಅನುಕೂಲ ಸಿಗಲ್ಲ, ನಾನಂತೂ ಕೊಕ್ಕೆ ಇರೋದೇ ತಗೊಳ್ಳಿ ಅಂತೀನಿ.

ಎರಡನೇದು ನೀರು. ಹಾಕ್ಕೊಳ್ಳೋ ಮುಂಚೆ ಆ ಎರಡು ಬೂದು ತುಂಡುಗಳನ್ನ ಒದ್ದೆ ಮಾಡಿ, ಚಿಮುಕಿಸಿದ್ರೆ ಸಾಲದು, ಬೆರಳಲ್ಲಿ ತಿಕ್ಕಿ ನೀರು ಒಳಗೆ ಇಳೀಬೇಕು. ಒಣ ಬಟ್ಟೆ ಒಣ ಚರ್ಮ ಇದ್ದಾಗ ಸಿಗ್ನಲ್ ದಾಟಲ್ಲ, ಜೊತೆಗೆ ಪಾಲಿಯೆಸ್ಟರ್ ಟೀ ಶರ್ಟ್ ಉಜ್ಜಿ ಹುಟ್ಟೋ ಸ್ಟ್ಯಾಟಿಕ್ ಕರೆಂಟನ್ನೂ ಪಾಡ್ ಹೃದಯದ ಬಡಿತ ಅಂತಲೇ ಎಣಿಸಿಬಿಡುತ್ತೆ. ಬೆಂಗಳೂರಿನ ಜನವರಿ ಚಳೀಲಿ ನನಗೆ 191 ಬಂದಿದ್ದು ಹೀಗೆ, ಹತ್ತು ನಿಮಿಷ ಓಡಿ ಬೆವರು ಬಂದಮೇಲೆ ತಾನಾಗೇ 140ರ ಆಸುಪಾಸಿಗೆ ಇಳೀತು. ಭಾನುವಾರ ಎಣ್ಣೆ ಸ್ನಾನ ಮಾಡಿದ್ರೆ, ಮಾಯಿಶ್ಚರೈಸರ್ ಹಚ್ಚಿದ್ರೆ ಆ ಜಾಗಾನ ಸೋಪಲ್ಲಿ ತೊಳ್ಕೊಳ್ಳಿ. ಉದ್ದ ಕರಿಮಣಿ ಸರ ಇರೋರು ಅದು ಪಟ್ಟಿ ಕೆಳಗೆ ಸಿಕ್ಕಿದೆಯಾ ನೋಡ್ಕೊಳ್ಳಿ, ಒಂದು ಸಣ್ಣ ಗುಂಡು ಸಾಕು ಬಟ್ಟೆ ಚರ್ಮಕ್ಕೆ ತಾಗದಿರೋಕೆ.

ಮೂರನೇದೇ ನಿಜವಾದ ಪರೀಕ್ಷೆ. ಐದು ನಿಮಿಷ ಸುಮ್ನೆ ಕೂತ್ಕೊಳ್ಳಿ, ಮಣಿಕಟ್ಟಲ್ಲಿ ಹೆಬ್ಬೆರಳ ಕಡೆ ಎರಡು ಬೆರಳಿಟ್ಟು ಪೂರ್ತಿ 60 ಸೆಕೆಂಡ್ ನಾಡಿ ಎಣಿಸಿ. 15 ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸಿದ್ರೆ ಒಂದು ಬಡಿತ ತಪ್ಪಿದರೂ ನಾಲ್ಕು ತಪ್ಪುತ್ತೆ. ಫೋನ್ ತೋರಿಸೋದಕ್ಕೂ ನಿಮ್ಮ ಎಣಿಕೆಗೂ ಎರಡು ಮೂರು ವ್ಯತ್ಯಾಸ ಇದ್ರೆ ಚಿಂತೆ ಬೇಡ. ಆಮೇಲೆ ಮೆಟ್ಟಿಲು ಹತ್ತಿ ಇಳಿದು ಸುಸ್ತಾಗಿ ನಿಂತ ತಕ್ಷಣ ಕುತ್ತಿಗೆಯ ಒಂದೇ ಕಡೆ ಮೆಲ್ಲಗೆ ಬೆರಳಿಟ್ಟು ಎಣಿಸಿ, ಈ ಸಲ ಮಾತ್ರ 15 ಸೆಕೆಂಡೇ, ಯಾಕಂದ್ರೆ ನಿಂತ ಮೇಲೆ ಬಡಿತ ಬೇಗ ಇಳಿಯುತ್ತೆ, ಆ 15 ಸೆಕೆಂಡಲ್ಲಿ ಫೋನಲ್ಲಿ ಏನಿತ್ತು ಅಂತ ಪಕ್ಕದಲ್ಲೊಬ್ರು ನೋಡಿ ಹೇಳಿದ್ರೆ ಒಳ್ಳೇದು. ಕೊನೆಗೆ ಓಡೋವಾಗ ಗ್ರಾಫ್ ನೋಡಿ. ಹೃದಯದ ಬಡಿತ ಏರೋಕೂ ಇಳಿಯೋಕೂ ಸ್ವಲ್ಪ ಹೊತ್ತಾದ್ರೂ ಬೇಕು, ಎರಡು ಸೆಕೆಂಡಲ್ಲಿ 120ರಿಂದ 175ಕ್ಕೆ ಗೋಡೆ ಥರ ನೆಟ್ಟಗೆ ಏರಿ ಅಲ್ಲೇ ನಿಂತಿದ್ರೆ ಬಹುಪಾಲು ಅದು ಬಟ್ಟೆಯ ತಪ್ಪು. ಆದ್ರೆ ಜೊತೆಗೆ ಎದೆ ಡವಡವ ಅನ್ನೋದು, ತಲೆ ಸುತ್ತೋದು, ಉಸಿರು ಕಟ್ಟೋದು ಇದ್ರೆ ಬ್ರಾ ಬಯ್ಕೊಂಡು ಕೂರಬೇಡಿ, ಓಟ ನಿಲ್ಲಿಸಿ ಡಾಕ್ಟರ್ ಹತ್ರ ಹೋಗಿ.

ಇಷ್ಟೆಲ್ಲಾ ಸರಿ ಬಂದ್ರೂ ಒಂದು ತಪ್ಪು ಉಳ್ಕೊಳ್ಳುತ್ತೆ, ಅದು ಆ್ಯಪ್ ಒಳಗಿದೆ, ಇದನ್ನ ಎಲ್ಲಾ ಹೆಣ್ಮಕ್ಕಳಿಗೂ ಹೇಳಬೇಕು ಅನ್ಸುತ್ತೆ. ಗರಿಷ್ಠ ಹಾರ್ಟ್ ರೇಟ್ ಅಂದ್ರೆ 220ರಲ್ಲಿ ವಯಸ್ಸು ಕಳೀರಿ ಅನ್ನೋ ಲೆಕ್ಕಾನೇ ಬಹಳ ಆ್ಯಪ್‌ಗಳು ತಾವಾಗೇ ಹಾಕ್ಕೊಂಡು ಅದರ ಮೇಲೆ ನಿಮ್ಮ ಝೋನ್‌ಗಳನ್ನ, ಅಂದ್ರೆ ಎಷ್ಟು ಬಡಿತದಲ್ಲಿ ಓಡಬೇಕು ಅನ್ನೋ ಮಟ್ಟಗಳನ್ನ, ಮಾಡ್ತವೆ. ಶಿಕಾಗೋದಲ್ಲಿ ಡಾ. ಮಾರ್ಥಾ ಗುಲಾಟಿ ಮತ್ತವರ ತಂಡ 5,437 ಆರೋಗ್ಯವಂತ ಹೆಂಗಸರನ್ನ ಟ್ರೆಡ್‌ಮಿಲ್ ಮೇಲೆ ಪರೀಕ್ಷಿಸಿ 2010ರಲ್ಲಿ ಬೇರೆ ಲೆಕ್ಕ ಕೊಟ್ಟರು, ವಯಸ್ಸನ್ನ 0.88ರಿಂದ ಗುಣಿಸಿ 206ರಲ್ಲಿ ಕಳೀಬೇಕು. 40 ವರ್ಷದವರಿಗೆ ಹಳೇ ಲೆಕ್ಕದಲ್ಲಿ 180, ಇದರಲ್ಲಿ 171. ಗರಿಷ್ಠ ಬಡಿತದ ಶೇ 80ರಲ್ಲಿ ಓಡಿ ಅಂದ್ರೆ ಒಂದರಲ್ಲಿ 144, ಇನ್ನೊಂದರಲ್ಲಿ 137. ಅಂದ್ರೆ ಸೆನ್ಸರ್ ಸರಿಯಾಗೇ ಎಣಿಸಿದ್ರೂ ಆ್ಯಪ್ ನಿಮಗೆ ಇನ್ನೂ ಜೋರಾಗಿ ಓಡು ಓಡು ಅಂತಿರುತ್ತೆ, ನೀವು ನನ್ನ ಕೈಲಾಗ್ತಿಲ್ಲ ಅಂತ ಬೇಜಾರು ಮಾಡ್ಕೊಳ್ತೀರ. ಇದೂ ಸರಾಸರೀನೇ, ಒಬ್ಬೊಬ್ಬರಲ್ಲಿ ಹತ್ತು ಆಚೀಚೆ ಇರಬಹುದು, ಆದ್ರೂ ಸೆಟ್ಟಿಂಗ್ಸ್‌ಗೆ ಹೋಗಿ ಮ್ಯಾಕ್ಸ್ ಹಾರ್ಟ್ ರೇಟ್ ಕೈಯಲ್ಲೇ ಬದಲಾಯಿಸಿ. ಬಿಪಿಗೆ ಬೀಟಾ ಬ್ಲಾಕರ್ ಮಾತ್ರೆ ತಗೊಳ್ಳೋರಿಗೆ ಯಾವ ಸೂತ್ರಾನೂ ಆಗಲ್ಲ, ಆ ಮಾತ್ರೆ ಬಡಿತ ಅಷ್ಟಾಗಿ ಏರೋಕೆ ಬಿಡಲ್ಲ, ಗರ್ಭಿಣಿಯರಿಗೆ ಕೂತಲ್ಲೇ ಬಡಿತ ಜಾಸ್ತಿ ಇರುತ್ತೆ, ಇವರಿಬ್ಬರೂ ಡಾಕ್ಟರ್ ಕೇಳಿಯೇ ವ್ಯಾಯಾಮ ಮಾಡಿ. ಮುಟ್ಟಿಗೆ ಮುಂಚಿನ ಎರಡು ವಾರ ರೆಸ್ಟಿಂಗ್ ಹಾರ್ಟ್ ರೇಟ್ ಒಂದೆರಡು ಬಡಿತ ಮೇಲಿರೋದು ಮಾಮೂಲಿ, ಫಿಟ್‌ನೆಸ್ ಹೋಯ್ತು ಅಂದ್ಕೋಬೇಡಿ.

ಇನ್ನು ಒಗೆಯೋದು. ಮನೆಗೆ ಬಂದ ತಕ್ಷಣ ಪಾಡ್ ಬಿಚ್ಚಿ ಒರೆಸಿಡಿ, ಒದ್ದೆ ಬ್ರಾಗೆ ಸಿಕ್ಕಿಸೇ ಬಿಟ್ರೆ ಇನ್ನೂ ಮೈ ಮೇಲೇ ಇದೆ ಅಂದ್ಕೊಂಡು ಬ್ಯಾಟರಿ ಖಾಲಿ ಆಗುತ್ತೆ. ತಣ್ಣೀರಲ್ಲಿ ಸ್ವಲ್ಪ ಸೋಪಿನ ಪುಡಿ ಹಾಕಿ ಕೈಯಲ್ಲೇ ಒಗೀರಿ, ಬೆವರಿನ ಉಪ್ಪು ಕೂತಷ್ಟೂ ಆ ಬೂದು ತುಂಡು ಕೆಡುತ್ತೆ. ಕಂಫರ್ಟ್ ಥರದ ಫ್ಯಾಬ್ರಿಕ್ ಕಂಡೀಷನರ್ ಬೇಡವೇ ಬೇಡ, ಅದು ನೂಲಿನ ಮೇಲೆ ಪದರ ಕಟ್ಟುತ್ತೆ, ಬ್ಲೀಚೂ ಬೇಡ. ಹಿಂಡಬೇಡಿ, ಟವೆಲ್ಲಲ್ಲಿ ಒತ್ತಿ ನೆರಳಲ್ಲಿ ಹಾಕಿ. ಒಂದಿನ ಒದ್ದೆ ಮಾಡಿ ಹಾಕಿದರೂ ನಂಬರ್ ಕುಣೀತಿದ್ರೆ ಮೊದಲು ಪಾಡಿನ ಬಟನ್ ಸೆಲ್ ಬದಲಾಯಿಸಿ ನೋಡಿ, ಆಮೇಲೂ ಹಾಗೇ ಇದ್ರೆ ಪಟ್ಟಿ ಎಳೆದು ಬಿಡಿ, ಲಬಕ್ಕನೆ ವಾಪಸ್ ಬರದೆ ಜೋಲು ಬಿದ್ದರೆ ಆ ಬ್ರಾ ಮುಗೀತು, ಪಾಡ್ ಎತ್ತಿಟ್ಕೊಂಡು ಅದೇ ಪಾಡ್ ಕೂರೋ ಹೊಸ ಬ್ರಾ ಮಾತ್ರ ತಗೊಳ್ಳಿ.