ಕಟ್ಟಿದ ಕಿವಿ ಬಿಡಿಸಿಕೊಳ್ಳುವ ಬಗೆ

ಬೆಳಗಾವಿಯಿಂದ ಚೋರ್ಲಾ ಘಾಟಿನ ಮೂಲಕ ಗೋವಾಕ್ಕೆ ಇಳಿಯುವಾಗ ಕಿವಿ ಕಟ್ಟಿ, ಉಗುಳು ನುಂಗಿದೊಡನೆ ಬಿಟ್ಟುಕೊಳ್ಳುವುದು ಸಹಜ. ಆದರೆ ವಾರಗಟ್ಟಲೆ ಕಿವಿ ತುಂಬಿದಂತೆಯೇ ಇದ್ದರೆ, ನಡುಗಿವಿಯನ್ನು ಮೂಗಿನ ಹಿಂಭಾಗಕ್ಕೆ ಜೋಡಿಸುವ, ವಯಸ್ಕರಲ್ಲಿ ಸುಮಾರು 35 ಮಿಲಿಮೀಟರ್ ಉದ್ದದ ಯುಸ್ಟೇಷಿಯನ್ ನಾಳವು ನೆಗಡಿ ಅಥವಾ ಅಲರ್ಜಿಯಿಂದ ಊದಿಕೊಂಡು ಸರಿಯಾಗಿ ತೆರೆಯುತ್ತಿಲ್ಲವೆಂದು ಶಂಕಿಸಬಹುದು. ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆಯನ್ನು ಕಿವಿಗೆ ಬಿಡುವ ರೂಢಿ ನಮ್ಮ ಮನೆಗಳಲ್ಲಿ ಇನ್ನೂ ಹೋಗಿಲ್ಲ. ನಡುವೆ ಕಿವಿತಮಟೆ ಇರುವುದರಿಂದ ಆ ಎಣ್ಣೆ ನಾಳವನ್ನು ಮುಟ್ಟುವುದೇ ಇಲ್ಲ, ತಮಟೆಯಲ್ಲಿ ತೂತಿದ್ದರೆ ಹಾನಿಯೂ ಆದೀತು.

ಉಪಚಾರವನ್ನು ಮೂಗಿನಿಂದಲೇ ಆರಂಭಿಸಬೇಕು. ಮೊದಲು ಹೊಳ್ಳೆಗಳನ್ನು ಬೆರಳಿನಿಂದ ಒತ್ತಿಹಿಡಿದು ಒಂದು ಗುಟುಕು ನೀರು ನುಂಗಿ ನೋಡಬೇಕು. ಅದರಿಂದ ಬಿಡದಿದ್ದರೆ, ಹಾಗೆಯೇ ಮೂಗು ಹಿಡಿದು, ಬಾಯಿ ಮುಚ್ಚಿ, ಮೆಲ್ಲಗೆ ಗಾಳಿ ಒತ್ತಬೇಕು. ‘ಟಪ್’ ಎಂದೊಡನೆ ನಿಲ್ಲಿಸಬೇಕು. ಜೋರಾಗಿ ಒತ್ತಬಾರದು, ನೆಗಡಿ ಜೋರಿರುವಾಗ ಒತ್ತಲೇಬಾರದು. ಮೂಗು ತೊಳೆಯಲು ಕುದಿಸಿ ಆರಿಸಿದ ಉಪ್ಪುನೀರು ಸಾಕು.

ಔಷಧ ಅಂಗಡಿಯಲ್ಲಿ ಕೇಳಿದೊಡನೆ ಸಿಗುವ, ಮೂಗು ಬಿಡಿಸುವ ಹನಿಗಳನ್ನು ಹೆಚ್ಚು ದಿನ ಬಳಸಿದರೆ ಮೂಗು ಮತ್ತೆ ಕಟ್ಟುತ್ತದೆ. 3ರಿಂದ 5 ದಿನ ಮೀರದಿರುವುದು ಲೇಸು. ವೈದ್ಯರು ಅಲರ್ಜಿಗೆಂದು ಬರೆದುಕೊಡುವ ಸ್ಟೀರಾಯ್ಡ್ ಸ್ಪ್ರೇ ಕೆಲಸ ಮಾಡಲು ಕೆಲವು ವಾರ ಬೇಕಾಗುತ್ತದೆ. ಅದರ ಮೂತಿಯನ್ನು ಮೂಗಿನ ನಡುಗೋಡೆಯತ್ತ ಹಿಡಿಯದೆ, ಹೊರಬದಿಗೆ, ಅಂದರೆ ಬಲಗೈಯಿಂದ ಎಡಹೊಳ್ಳೆಗೆ, ಎಡಗೈಯಿಂದ ಬಲಹೊಳ್ಳೆಗೆ ಸಿಂಪಡಿಸಬೇಕು.

ಒಂದೇ ಕಿವಿ ಬಹುಕಾಲ ಕಟ್ಟಿಕೊಂಡಿದ್ದರೆ ಕಿವಿ-ಮೂಗು-ಗಂಟಲು ತಜ್ಞರು ಮೂಗಿನ ಹಿಂಭಾಗವನ್ನು ಪರೀಕ್ಷಿಸಲೇಬೇಕು; ಶ್ರವಣವು ಹಠಾತ್ತನೆ ಕುಗ್ಗಿದರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು.