ಆಗಸ್ಟ್ 23ಕ್ಕೆ ಲೈಬ್ರರಿಯ ನೆಲದ ಮೇಲೆ ಒಂದು ಹಡಗು ಬರೆಯುವುದು ಹೇಗೆ

ಶಿಡ್ಲಘಟ್ಟ ತಾಲ್ಲೂಕಿನ ಒಂದು ಪಂಚಾಯಿತಿಯಲ್ಲಿ ನಾನು ಲೈಬ್ರರಿ ನೋಡಿಕೊಳ್ಳುತ್ತೇನೆ. ಬೋರ್ಡಿನ ಮೇಲೆ ಈಗ ಅರಿವು ಕೇಂದ್ರ ಅಂತ ಇದೆ, ಊರವರ ಬಾಯಲ್ಲಿ ಇನ್ನೂ ಲೈಬ್ರರಿನೇ. ಮೂರು ವರ್ಷದಿಂದ ಪ್ರತಿ ಆಗಸ್ಟ್ 23ಕ್ಕೆ ಅಟ್ಲಾಂಟಿಕ್ ಗುಲಾಮ ವ್ಯಾಪಾರದ, ಅಂದರೆ ಆಫ್ರಿಕಾದ ಜನರನ್ನು ಹಡಗಿನಲ್ಲಿ ತುಂಬಿ ಅಮೆರಿಕ ಖಂಡಗಳಿಗೆ ಸಾಗಿಸಿ ಮಾರಿದ್ದರ, ನೆನಪಿನ ದಿನ ಮಾಡುತ್ತಿದ್ದೇವೆ. ಬೇರೆ ಪಂಚಾಯಿತಿಯ ಲೈಬ್ರರಿಯವರು, ಶಾಲೆಯ ಮೇಷ್ಟ್ರುಗಳು ಹೇಗೆ ಮಾಡ್ತೀರಿ ಅಂತ ಕೇಳುತ್ತಾರೆ. ಅದಕ್ಕೇ ಬರೆದಿಡುತ್ತಿದ್ದೇನೆ.

ಮೊದಲು, ಏನು ಮಾಡಬಾರದು ಅಂತ. ನಾಟಕ ಮಾಡಿಸಬೇಡಿ. ಮೊದಲನೇ ವರ್ಷ ನಾನು ಮಾಡಿಸಿದೆ. ಇಬ್ಬರು ಹುಡುಗರು ಸಾಹುಕಾರರು, ನಾಲ್ಕು ಜನ ಗುಲಾಮರು, ಕೈಗೆ ಹಗ್ಗ. ಎಲ್ಲರೂ ಚಪ್ಪಾಳೆ ತಟ್ಟಿದರು. ಮಾರನೇ ದಿನ ಬೆಳಗ್ಗೆ ಒಬ್ಬ ಹುಡುಗನ ಅಜ್ಜಿ ಬಂದು ಬಾಗಿಲಲ್ಲೇ ನಿಂತರು. "ನಮ್ಮ ಹುಡುಗನ್ನೇ ಯಾಕಮ್ಮಾ ಕಟ್ಟಿಸಿದೆ?" ಅಂದರು. ಅವರು ಸಣ್ಣ ವಯಸ್ಸಿನಲ್ಲಿ ಜೀತಕ್ಕಿದ್ದವರು. ಹಗ್ಗ ಯಾರ ಕೈಗೆ ಕಟ್ಟಿದೆ ಅಂತ ಆಮೇಲೆ ನೆನಪು ಮಾಡಿಕೊಂಡೆ. ನಾಲ್ಕೂ ಮಕ್ಕಳು ಒಂದೇ ಕೇರಿಯವರು. ನನಗೆ ಗೊತ್ತಿಲ್ಲದೇ ಆಯಿತು ಅಂತ ಹೇಳುವುದಕ್ಕೂ ಬಾಯಿ ಬರಲಿಲ್ಲ. ಅಲ್ಲಿಂದ ನಮ್ಮಲ್ಲಿ ಯಾರೂ ಯಾರ ವೇಷವನ್ನೂ ಹಾಕುವುದಿಲ್ಲ. ಅಳತೆ, ದಾರ, ಕವಡೆ, ಇಷ್ಟೇ.

ದಿನ ಯಾವುದು? ವಿಶ್ವಸಂಸ್ಥೆಯ ಲೆಕ್ಕದಲ್ಲಿ ಎರಡಿವೆ. ಮಾರ್ಚ್ 25 ಒಂದು. ಅದು ಪರೀಕ್ಷೆಯ ಕಾಲ, ಒಂದು ಮಗುವೂ ಬರುವುದಿಲ್ಲ. ಯುನೆಸ್ಕೊ ಇಟ್ಟ ಆಗಸ್ಟ್ 23 ನಮಗೆ ಸರಿ. 1791ರ ಆಗಸ್ಟ್ 22ರ ರಾತ್ರಿ ಫ್ರೆಂಚರ ಕೈಯಲ್ಲಿದ್ದ ಸೇಂಟ್ ಡೊಮಿಂಗ್‌ನಲ್ಲಿ, ಅಂದರೆ ಈಗಿನ ಹೈಟಿಯಲ್ಲಿ, ಗುಲಾಮರೇ ದಂಗೆ ಎದ್ದರು. 1804ರಲ್ಲಿ ದೇಶವನ್ನೇ ಸ್ವತಂತ್ರ ಮಾಡಿಕೊಂಡರು. ಸ್ವಾತಂತ್ರ್ಯ ದಿನಾಚರಣೆ ಮುಗಿದು ವಾರ ಕಳೆದಿರುತ್ತದೆ, ಆ ಮಾತು ಮಕ್ಕಳಿಗೆ ಬೇಗ ಹಿಡಿಯುತ್ತದೆ. ಸಂಜೆ ಆರಕ್ಕೆ ಮೊದಲು ಮುಗಿಸಿ. ರೇಷ್ಮೆ ಹುಳಕ್ಕೆ ಸೊಪ್ಪು ಹಾಕುವ ಹೊತ್ತಾಯಿತು ಅಂದರೆ ಅರ್ಧ ಮಕ್ಕಳು ಎದ್ದು ಓಡುತ್ತಾರೆ.

ಈಗ ಹಡಗು. ಗಾರೆ ಮೇಸ್ತ್ರಿ ಹತ್ತಿರ ಟೇಪು ಇಸ್ಕೊಳ್ಳಿ. ಸೀಮೆಸುಣ್ಣವನ್ನು ನೀರಲ್ಲಿ ನೆನೆಸಿ ಬರೆದರೆ ಗೆರೆ ಬೇಗ ಅಳಿಸುವುದಿಲ್ಲ. ಮೇಜು, ಕುರ್ಚಿ ಎಲ್ಲ ಹೊರಗೆ ಹಾಕಿ, ಒಂದು ಮೇಜು ಮಾತ್ರ ಒಳಗಿರಲಿ. ಯಾಕೆ ಅಂತ ಆಮೇಲೆ ಹೇಳುತ್ತೇನೆ.

ಇಂಗ್ಲೆಂಡಿನ ಲಿವರ್‌ಪೂಲ್‌ನಿಂದ ಹೊರಡುತ್ತಿದ್ದ ಬ್ರೂಕ್ಸ್ ಅನ್ನುವ ಹಡಗಿನ ನಕ್ಷೆಯನ್ನು 1788ರಲ್ಲಿ ಗುಲಾಮ ವ್ಯಾಪಾರದ ವಿರೋಧಿಗಳು ಅಚ್ಚು ಹಾಕಿಸಿ ಹಂಚಿದರು. ಅದರಲ್ಲಿ ಜನರನ್ನು ಮಲಗಿಸಿದ ಲೆಕ್ಕ ಹೀಗಿದೆ. ಗಂಡಸಿಗೆ ಆರು ಅಡಿ ಉದ್ದ, ಒಂದು ಅಡಿ ನಾಲ್ಕು ಇಂಚು ಅಗಲ. ಹುಡುಗಿಗೆ ನಾಲ್ಕೂವರೆ ಅಡಿ ಉದ್ದ, ಒಂದೇ ಅಡಿ ಅಗಲ. ನಮ್ಮ ಕೋಣೆ ಹನ್ನೆರಡು ಅಡಿಗೆ ಇಪ್ಪತ್ತು. ಆರು ಅಡಿಯ ಎರಡು ಸಾಲು, ಸಾಲಿಗೆ ಹದಿನೈದು ಮನೆ (ಒಬ್ಬೊಬ್ಬರ ಜಾಗಕ್ಕೆ ಗೆರೆ ಎಳೆದ ಒಂದೊಂದು ಚೌಕ), ಒಟ್ಟು ಮೂವತ್ತು. ಓಡಾಡಲು ಜಾಗವೇ ಇಲ್ಲ. ಆ ಹಡಗಿಗೆ ಕಾನೂನು ಒಪ್ಪಿದ್ದು 454 ಜನ. ಆ ಕಾನೂನು ಬರುವ ಮೊದಲು ಅದೇ ಹಡಗು ಒಂದು ಸಲ 600ಕ್ಕೂ ಜಾಸ್ತಿ ಜನರನ್ನು ತುಂಬಿಕೊಂಡು ಹೋಗಿತ್ತು.

ಹುಡುಗಿಯ ಮನೆಯನ್ನು ಟೇಪಿನಿಂದ ಅಳೆಯಬೇಡಿ. ಮಕ್ಕಳ ಬ್ಯಾಗಿನಲ್ಲಿರುವ ಉದ್ದನೆಯ ಸ್ಕೇಲನ್ನು ಅಡ್ಡ ಇಟ್ಟು ಗೆರೆ ಎಳೆಯಿರಿ. ಅದು ಸರಿಯಾಗಿ ಒಂದು ಅಡಿ. ಹೋದ ವರ್ಷ ಏಳನೇ ಕ್ಲಾಸಿನ ಒಬ್ಬಳು ಸ್ಕೇಲು ತೆಗೆದು ತನ್ನ ಭುಜಕ್ಕೆ ಹಿಡಿದು ನೋಡಿಕೊಂಡಳು. ಯಾರೂ ಹೇಳಿರಲಿಲ್ಲ. ಆ ಮನೆಯೊಳಗೆ ಯಾರನ್ನೂ ಮಲಗಿ ತೋರಿಸು ಅನ್ನಬೇಡಿ.

ಆ ಒಂದು ಮೇಜು ಈಗ ಬೇಕು. ಹಡಗಿನ ತಳದಲ್ಲಿ ಮಧ್ಯೆ ಅಟ್ಟಣಿಗೆ ಹಾಕಿ ಇನ್ನೊಂದು ಸಾಲು ಮಲಗಿಸುತ್ತಿದ್ದರು. ತಲೆ ಮೇಲೆ ಉಳಿಯುತ್ತಿದ್ದದ್ದು ಎರಡೂವರೆ ಅಡಿ ಆಸುಪಾಸು. ಓದುವ ಮೇಜಿನ ಎತ್ತರ ಅಷ್ಟೇ. ಬಗ್ಗಿ ಮೇಜಿನ ಕೆಳಗೆ ನೋಡಿ ಅಂದರೆ ಸಾಕು. ಇದರಲ್ಲಿ ಒಂದರಿಂದ ಮೂರು ತಿಂಗಳ ಪ್ರಯಾಣ.

ಪೇಪರ್ ಓದಲು ಬಂದಿದ್ದ ಒಬ್ಬ ರೈತರು ಬಾಗಿಲಲ್ಲಿ ನಿಂತು ಗೆರೆಗಳನ್ನೇ ನೋಡುತ್ತಿದ್ದರು. "ನಾಲ್ಕನೇ ಜ್ವರ ಎದ್ದ ಮೇಲೆ ಹುಳ ಒತ್ತೊತ್ತಾಗಿದ್ರೆ ರೋಗ ಬರುತ್ತೆ ಅಂತ ಬೆಡ್ ಬಿಡಿಸ್ತೀವಲ್ಲಮ್ಮಾ, ಇವರು ಮನುಷ್ಯರಿಗೂ ಬಿಡಲಿಲ್ವಾ?" ಅಂದರು. (ಜ್ವರ ಅಂದರೆ ಹುಳ ಪೊರೆ ಬಿಡುವುದು, ಬೆಡ್ ಬಿಡಿಸುವುದು ಅಂದರೆ ಹುಳಗಳಿಗೆ ಜಾಗ ಅಗಲ ಮಾಡುವುದು.) ಇಲ್ಲ. ರೋಗವೂ ಬಂತು. ಹಡಗಿನಲ್ಲಿ ಹೆಚ್ಚು ಜನ ಸತ್ತದ್ದು ರಕ್ತಭೇದಿಯಿಂದ.

ಎಷ್ಟು ಜನ ಅನ್ನುವುದಕ್ಕೆ ದಾರ ಬಳಸಿ. ನಮ್ಮ ಕಡೆ ರೇಷ್ಮೆ ದಾರಕ್ಕೇನು ಬರವೇ? ಗೋಡೆಗೆ ವಿಶ್ವ ಭೂಪಟ ಹಾಕಿ, ಒಂದು ಲಕ್ಷ ಜನಕ್ಕೆ ಒಂದು ಎಳೆ ಅಂತ ಆಫ್ರಿಕಾದ ಪಶ್ಚಿಮ ತೀರದಿಂದ ಎಳೆಯಿರಿ. ಬ್ರೆಜಿಲ್‌ಗೆ 49 ಎಳೆ. ಜಮೈಕಾ, ಬಾರ್ಬಡೋಸ್ ಥರದ ಬ್ರಿಟಿಷ್ ದ್ವೀಪಗಳಿಗೆ 23. ಸ್ಪೇನಿನ ವಸಾಹತುಗಳಿಗೆ 13, ಫ್ರೆಂಚ್ ದ್ವೀಪಗಳಿಗೆ 11. ಈಗಿನ ಅಮೆರಿಕ ದೇಶಕ್ಕೆ ನಾಲ್ಕೇ ನಾಲ್ಕು. ಇಲ್ಲಿ ಮಕ್ಕಳು ತಪ್ಪದೆ ಜಗಳ ತೆಗೆಯುತ್ತಾರೆ, ಎಲ್ಲರೂ ಅಮೆರಿಕಕ್ಕೇ ಹೋದರು ಅಂದುಕೊಂಡಿರುತ್ತಾರೆ. ಬ್ರೆಜಿಲ್‌ನಲ್ಲಿ ಗುಲಾಮಗಿರಿ ರದ್ದಾದದ್ದು 1888ರಲ್ಲಿ, ಅಮೆರಿಕ ಖಂಡಗಳಲ್ಲೇ ಎಲ್ಲರಿಗಿಂತ ಕೊನೆಗೆ.

ಇನ್ನು 18 ಎಳೆ ಕೈಯಲ್ಲಿ ಉಳಿಸಿಕೊಳ್ಳಿ. ಸುಮಾರು 1 ಕೋಟಿ 25 ಲಕ್ಷ ಜನರನ್ನು ಹಡಗು ಹತ್ತಿಸಿದರು, ದಡ ಸೇರಿದ್ದು 1 ಕೋಟಿ 7 ಲಕ್ಷ. ಈ 18 ಎಳೆಗಳನ್ನು ಆಫ್ರಿಕಾದಲ್ಲಿ ಪಿನ್ನು ಹಾಕಿ, ಸಮುದ್ರದ ಮಧ್ಯೆ ಕತ್ತರಿಸಿ ಹಾಗೇ ಇಳಿಬಿಡಿ. ಫ್ಯಾನ್ ಹಾಕಿದರೆ ಅವು ಮಾತ್ರ ಹಾರಾಡುತ್ತವೆ.

ಕವಡೆ ಮರೆಯಬೇಡಿ. ಚೌಕಾಬಾರ ಆಡುವ ಕವಡೆನೇ ಸಾಕು, ಯಾರ ಮನೆಯಲ್ಲಾದರೂ ಇರುತ್ತದೆ. ಮಾಲ್ಡೀವ್ಸ್ ದ್ವೀಪಗಳ ಕವಡೆ ಬಂಗಾಳ, ಸಿಲೋನ್ ದಾಟಿ ಯೂರೋಪಿಗೆ ಹೋಗಿ, ಅಲ್ಲಿಂದ ಪಶ್ಚಿಮ ಆಫ್ರಿಕಾಕ್ಕೆ ಹೋಗುತ್ತಿತ್ತು. ಅಲ್ಲಿ ಅದು ದುಡ್ಡು. ಅದನ್ನು ಕೊಟ್ಟು ಮನುಷ್ಯರನ್ನು ಕೊಂಡರು. ಪುದುಚೇರಿ ಕಡೆಯ ನೀಲಿ ಬಟ್ಟೆಯೂ ಹಾಗೇ ಹೋಯಿತು. ನಮಗೂ ಇದಕ್ಕೂ ಏನು ಸಂಬಂಧ ಅಂತ ಯಾರಾದರೂ ದೊಡ್ಡವರು ಕೇಳೇ ಕೇಳುತ್ತಾರೆ. ಅವರ ಅಂಗೈಗೆ ಒಂದು ಕವಡೆ ಇಡಿ.

ಓದಿ ಹೇಳುವುದಕ್ಕೆ ಒಂದೇ ಘಟನೆ ಸಾಕು. 1781ರಲ್ಲಿ ಝಾಂಗ್ ಅನ್ನುವ ಹಡಗಿನವರು ನೀರು ಸಾಲದು ಅಂತ ಹೇಳಿ 130ಕ್ಕೂ ಹೆಚ್ಚು ಜನರನ್ನು ಜೀವಂತ ಸಮುದ್ರಕ್ಕೆ ಎಸೆದರು. ಮಾಲೀಕರು ಸರಕು ನಷ್ಟವಾಯಿತು ಅಂತ ವಿಮೆ ಹಣ ಕೇಳಿದರು. 1783ರಲ್ಲಿ ಲಂಡನ್ನಿನ ಕೋರ್ಟಿನಲ್ಲಿ ನಡೆದದ್ದು ಕೊಲೆ ಕೇಸಲ್ಲ, ವಿಮೆ ಕೇಸು. ಕುರಿಯ ಕಿವಿಗೆ ವಿಮೆ ಓಲೆ ಹೊಡೆಸಿದ ಮನೆಯ ಮಕ್ಕಳಿಗೆ ನಾನು ಇದನ್ನು ಬಿಡಿಸಿ ಹೇಳಬೇಕಾಗಲಿಲ್ಲ.

ಎರಡು ಪ್ರಶ್ನೆಗೆ ಮೊದಲೇ ತಯಾರಾಗಿರಿ. ಯಲ್ಲಾಪುರದ ಸಿದ್ದಿಗಳು ಇವರೇನಾ? ಅಲ್ಲ, ಅವರ ಹಿರಿಯರು ಬಂದದ್ದು ಈ ಕಡೆಯ ಸಮುದ್ರದಿಂದ, ಅರಬ್ಬರ ಮತ್ತು ಪೋರ್ಚುಗೀಸರ ಹಡಗಿನಲ್ಲಿ. ಇದೂ ಜೀತವೂ ಒಂದೇನಾ? ಇದಕ್ಕೆ ಹುಷಾರು. ಅಲ್ಲಿ ಮನುಷ್ಯನೇ ಆಸ್ತಿ, ತಾಯಿ ಗುಲಾಮಳಾದರೆ ಹುಟ್ಟಿದ ಮಗುವೂ ಆಸ್ತಿ, ಕಾನೂನೇ ಹಾಗೆ. ಇಲ್ಲಿ ಸಾಲದ ಹೆಸರಿನಲ್ಲಿ ಹಿಡಿದಿಟ್ಟರು, 1976ರ ಕಾಯ್ದೆ ಅದನ್ನು ಅಪರಾಧ ಮಾಡಿತು. ಇಷ್ಟು ಹೇಳಿ ಸುಮ್ಮನಾಗಿ. ಯಾವುದು ದೊಡ್ಡ ಕಷ್ಟ ಅಂತ ತೂಗಲು ಹೋಗಬೇಡಿ. ಆ ಅಜ್ಜಿ ಎರಡನೇ ವರ್ಷ ತಾವಾಗೇ ಬಂದು ಹಿಂದಿನ ಸಾಲಿನಲ್ಲಿ ಕೂತಿದ್ದರು. ನಾನು ಮಾತಾಡಿ ಅನ್ನಲಿಲ್ಲ, ಅವರೂ ಆಡಲಿಲ್ಲ. ಹೋಗುವಾಗ ಮೊಮ್ಮಗನಿಗೆ ಗೆರೆ ತುಳಿಯಬೇಡ ಅಂದರು.

ಗೆರೆಗಳನ್ನು ಒಂದು ವಾರ ಬಿಡಿ, ತಾನಾಗೇ ಅಳಿಸುತ್ತವೆ. ಟೇಪು ಮಾತ್ರ ಅವತ್ತೇ ವಾಪಸ್ ಕೊಡಿ. ನಾನು ಎರಡು ದಿನ ಇಟ್ಟುಕೊಂಡು, ಮೇಸ್ತ್ರಿ ಹತ್ತಿರ ಚೆನ್ನಾಗಿ ಬೈಸಿಕೊಂಡಿದ್ದೇನೆ.